ಚಂದ್ರನೊಳಗಿನ ಬಾಣ

ಜರ್ಮನಿಯ ಕಲೋನ್ ನಗರದ ನಿಪ್ಪೆಸ್ ಭಾಗದ ಆ ಮನೆಯ ಮೇಲಂತಸ್ತಿಗೆ ವಿಜಯಶ್ರೀ ಹಿರೇಮಠ ಬಾಡಿಗೆಗೆ ಬಂದು ವರ್ಷ ತುಂಬಿತ್ತು. ಆದರೂ ಮನೆಯೊಡತಿಯ ಒಳಕೋಣೆಯನ್ನು ಅವಳು ಕಂಡಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಒಂದು ನಮಸ್ಕಾರ, ಕಸದ ಡಬ್ಬಿ ಹೊರಗಿಡುವ ಸರದಿ ಯಾರದೆಂದು ಎರಡು ಮಾತು. ಅಷ್ಟರಲ್ಲೇ ಇಬ್ಬರ ಬಳಕೆ ಮುಗಿಯುತ್ತಿತ್ತು. ಮನೆಯೊಡತಿ ಫ್ರಾವ್, ಎಂದರೆ ಶ್ರೀಮತಿ, ಎಲ್ಫ್ರೀಡೆ ಟೆರ್‌ಹೋರ್ಸ್ಟ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಾತು ಕಡಿಮೆ, ಶಿಸ್ತು ಜಾಸ್ತಿ. ಹಾಗೆಂದು ಕೆಟ್ಟವರಲ್ಲ. ಕಂಪ್ಯೂಟರ್ ಬಲ್ಲವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದಿಳಿದ ಹೊಸತರಲ್ಲಿ ವಿಜಯಶ್ರೀ ಆರು ಮನೆ ನೋಡಿ ಬಂದಿದ್ದಳು. ಅವಳ ಹೆಸರು ಕೇಳಿದ ಕೂಡಲೇ "ಮನೆ ಹೋಯಿತಲ್ಲಾ" ಎನ್ನದೆ ಒಳಗೆ ಕರೆದವರು ಇವರೊಬ್ಬರೇ.

ಹೊಸ ಯೂರೋ ನಾಣ್ಯ ಬಂದ ವರ್ಷ, ಏಪ್ರಿಲ್ ತಿಂಗಳ ಒಂದು ಶನಿವಾರ, ಅವರು ಬಾಗಿಲು ತಟ್ಟಿದರು. ಸೋಮವಾರ ಗೋಡೆಗೆ ಬಣ್ಣ ಹಚ್ಚುವವನು ಬರುತ್ತಾನೆ, ಕಪಾಟು ಸರಿಸಬೇಕು, ಒಂದು ಕೈ ಹಿಡಿಯುತ್ತೀರಾ ಎಂದು ಕೇಳಿದರು. ವಿಜಯಶ್ರೀ ಕಾರಿನ ಬ್ರೇಕು ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುವವಳು. ವಾರವಿಡೀ ಪರದೆಯ ಮುಂದೆ ಕೂತು ಬೆನ್ನು ಕಟ್ಟಿಹೋಗಿತ್ತು. ಖುಷಿಯಿಂದಲೇ ಕೆಳಗಿಳಿದು ಬಂದಳು.

ಕಪಾಟು ಸರಿಸಿದ್ದಾಯಿತು. ಪರದೆ ಬಿಚ್ಚಿದ್ದಾಯಿತು. ಕಿಟಕಿಯ ಪಕ್ಕದ ಗೋಡೆಯಲ್ಲಿ ಒಬ್ಬ ಹುಡುಗನ ಫೋಟೋ ತೂಗುಹಾಕಿತ್ತು. ಕಿವಿ ಅಗಲ, ಕೂದಲು ನೀರು ಹಚ್ಚಿ ಬಾಚಿದ್ದು, ಮೀಸೆ ಇನ್ನೂ ಮೂಡದ ಮುಖ. ಫೋಟೋದ ಕೆಳಗೆ ಓಕ್ ಮರದ ಪುಟ್ಟ ಹಲಗೆ, ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ ಬೂದುಬಣ್ಣದ ಲೋಹದ ಫಲಕ. ಅಂಗೈಯಷ್ಟು ಉದ್ದ, ಮೇಲ್ತುದಿ ಸ್ವಲ್ಪ ಬಾಗಿದೆ, ನಡುವೆ ಒಂದು ದುಂಡು ಮುಚ್ಚಳ.

ವಿಜಯಶ್ರೀ ನಿಂತಲ್ಲೇ ನಿಂತಳು. ಮೂಗಿಗೆ ಎಲ್ಲಿಂದಲೋ ಬಂದೂಕಿನ ಎಣ್ಣೆಯ ವಾಸನೆ ಅಡರಿದಂತಾಯಿತು.

ಅವಳ ಅಪ್ಪ ಬಸಲಿಂಗಯ್ಯ ಧಾರವಾಡದ ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆಯಲ್ಲಿ ಆರ್ಮರರ್ ಆಗಿದ್ದವರು. ಎಂದರೆ ಬಂದೂಕುಗಳನ್ನು ಬಿಚ್ಚಿ, ತೊಳೆದು, ರಿಪೇರಿ ಮಾಡಿ, ಮತ್ತೆ ಜೋಡಿಸುವ ಕೆಲಸ. ಆಯುಧ ಇಡುವ ಕೋಣೆಗೆ ಪೊಲೀಸರು ಕೋತ್ ಎನ್ನುತ್ತಿದ್ದರು. ದಪ್ಪ ಗೋಡೆ, ಸಣ್ಣ ಕಿಟಕಿ, ಬೇಸಿಗೆಯಲ್ಲೂ ತಣ್ಣಗಿರುವ ಕಲ್ಲಿನ ನೆಲ. ರವಿವಾರ ಬೆಳಿಗ್ಗೆ ಅವ್ವ ಅಪ್ಪನ ನಾಷ್ಟಾ ಕಟ್ಟಿ ವಿಜಯಶ್ರೀಯ ಕೈಯಲ್ಲಿ ಕಳಿಸುತ್ತಿದ್ದಳು. ಅಪ್ಪ ಅವಳನ್ನು ಹೊಸ್ತಿಲ ಆಚೆಯೇ ಕೂರಿಸಿ, ಕಂಡಮ್ ಆದ, ಎಂದರೆ ಕೆಲಸಕ್ಕೆ ಬಾರದೆಂದು ತೆಗೆದಿಟ್ಟ, ಬಿಡಿಭಾಗಗಳ ತಗಡಿನ ಡಬ್ಬಿಯನ್ನು ಮುಂದಿಡುತ್ತಿದ್ದರು. ಸವೆದ ಸ್ಕ್ರೂ, ಮುರಿದ ಸ್ಪ್ರಿಂಗು, ಬಿರುಕುಬಿಟ್ಟ ಫಲಕ. ಮಗಳಿಗೆ ಅವೇ ಆಟದ ಸಾಮಾನು.

ತ್ರೀ ನಾಟ್ ತ್ರೀ ಬಂದೂಕಿನ ಒಂದೊಂದು ಭಾಗದ ಮೇಲೂ ಅದನ್ನು ಮಾಡಿದವರ ಗುರುತು ಇರುತ್ತಿತ್ತು. ಹೆಚ್ಚಿನವು ನಮ್ಮ ಬಂಗಾಳದ ಈಶಾಪುರದ ಕಾರ್ಖಾನೆಯವು, ಅವಕ್ಕೆ ಮೂರಕ್ಷರ. ಬರೀ ಬಾಣ ಇದ್ದರೆ ಇಂಗ್ಲೆಂಡು. ಚೌಕ ಮೂಲೆಯ ಎಸ್ ಇದ್ದರೆ ಅಮೆರಿಕ. ಎಲ್ ಮತ್ತು ಬಿ ಒಂದಕ್ಕೊಂದು ಅಂಟಿಕೊಂಡು, ಪಕ್ಕದಲ್ಲಿ ಸಿ ಅಕ್ಷರದ ಹೊಟ್ಟೆಯೊಳಗೆ ಬಾಣ ಕೂತಿದ್ದರೆ ಕೆನಡಾ. ಇದು ಅಪರೂಪ. ಅಪ್ಪ ಅದಕ್ಕೆ "ಚಂದ್ರನೊಳಗಿನ ಬಾಣ" ಎಂದು ಹೆಸರಿಟ್ಟಿದ್ದರು. ದೊಡ್ಡ ಯುದ್ಧದ ಕಾಲದಲ್ಲಿ ಎಲ್ಲೆಲ್ಲೋ ಹುಟ್ಟಿದ ಈ ತುಂಡುಗಳು ಯಾವ ಯಾವುದೋ ಹಡಗು ಹತ್ತಿ, ಯಾರ ಯಾರದೋ ಹೆಗಲೇರಿ, ಕೊನೆಗೆ ಧಾರವಾಡದಲ್ಲಿ ಒಂದೇ ಬಂದೂಕಿನಲ್ಲಿ ಕೂಡಿಕೊಂಡಿದ್ದವು. "ನಮ್ಮ ಕ್ವಾರ್ಟರ್ಸಿನಂಗ ನೋಡು," ಎನ್ನುತ್ತಿದ್ದರು ಅಪ್ಪ. "ಬೀದರಿನವರು, ಕಾರವಾರದವರು, ಎಲ್ಲಾರೂ ಒಂದ ಸಾಲಿನ ಮನ್ಯಾಗ." ವಿಜಯಶ್ರೀ ಇಂಗ್ಲಿಷ್ ಅಕ್ಷರ ಕಲಿತದ್ದು ಶಾಲೆಯ ಹಲಗೆಯ ಮೇಲಲ್ಲ, ಆ ಡಬ್ಬಿಯಲ್ಲಿ. ಚಂದ್ರನೊಳಗಿನ ಬಾಣ ಸಿಕ್ಕ ದಿನ ಅಪ್ಪ ಒಂದು ಲಿಂಬೆಹುಳಿ ಪೆಪ್ಪರಮಿಂಟು ಕೊಡಿಸುತ್ತಿದ್ದರು.

ಅವಳ ಹೆಬ್ಬೆರಳು ತಾನಾಗಿಯೇ ಫಲಕದ ಮುಚ್ಚಳದ ಅಂಚಿಗೆ ಹೋಯಿತು. ಮೇಲಕ್ಕೆ ಒತ್ತಿ ಪಕ್ಕಕ್ಕೆ ಎಬ್ಬಿಸಿದಳು. ವರ್ಷಗಟ್ಟಲೆಯ ಪಾಲಿಶು ಅಂಟಿ ಮೊದಲು ಬಿಗಿಯಾಗಿತ್ತು, ಆಮೇಲೆ ಟಕ್ಕೆಂದು ತೆರೆದುಕೊಂಡಿತು. ಒಳಗೆ ಬರೀ ಓಕ್ ಹಲಗೆ.

ಹಿಂದೆ ನಿಂತಿದ್ದ ಫ್ರಾವ್ ಟೆರ್‌ಹೋರ್ಸ್ಟ್ ಬೆಚ್ಚಿದರು. "ಅದು ತೆರೆಯುತ್ತದೆಯೇ?"

"ತೆರೆಯುತ್ತದೆ," ಎಂದಳು ವಿಜಯಶ್ರೀ. ಮುಖವೆಲ್ಲ ನಗು. "ಇದು ಬಂದೂಕಿನ ಬಟ್ಟಿನ, ಅಂದರೆ ಹೆಗಲಿಗೆ ಆನಿಸುವ ಮರದ ತುದಿಯ, ಹಿಂಬದಿಯ ಫಲಕ. ಇದರೊಳಗೆ ಎಣ್ಣೆಯ ಪುಟ್ಟ ಶೀಶೆ ಇಡುತ್ತಾರೆ, ನಳಿಗೆ ತೊಳೆಯುವ ದಾರ ಇಡುತ್ತಾರೆ. ನಾನು ಚಿಕ್ಕವಳಿದ್ದಾಗ ಇಂಥವು ಎಷ್ಟೋ ನನ್ನ ಕೈಯಲ್ಲಿದ್ದವು. ನಮ್ಮಪ್ಪ ರಿಪೇರಿ ಮಾಡುತ್ತಿದ್ದರು. ಇಂಗ್ಲಿಷರ ಬಂದೂಕು ಇದು. ನಿಮ್ಮ ಮನೆಗೆ ಹೇಗೆ ಬಂತು?"

ವಿಜಯಶ್ರೀ ತಿರುಗಿ ನೋಡಿದಳು. ಅವರ ಮುಖ ಬಿಳಿಚಿಕೊಂಡಿತ್ತು.

"ಅದು ಥಿಯೋನದು," ಎಂದರು ಅವರು. "ನನ್ನ ಅಣ್ಣನದು. ಜರ್ಮನ್ ಬಂದೂಕು."

ಆಗ ವಿಜಯಶ್ರೀಗೆ ಫೋಟೋದಲ್ಲಿದ್ದವನು ಯಾರೆಂದು ತಿಳಿಯಿತು. ನಾಲಿಗೆ ಕಚ್ಚಿಕೊಂಡಳು. "ನನಗೆ ತಪ್ಪು ತಿಳಿದಿರಬಹುದು," ಎಂದಳು. "ಎಷ್ಟೋ ವರ್ಷದ ಹಿಂದಿನ ನೆನಪು."

"ನಿಮಗೆ ತಪ್ಪು ತಿಳಿದಿಲ್ಲ. ನಿಮ್ಮ ಕೈಗೆ ಅದು ಗೊತ್ತಿತ್ತು, ನಾನು ನೋಡಿದೆ." ಅವರು ಕುರ್ಚಿ ಎಳೆದುಕೊಂಡು ಕೂತರು. "ಖಚಿತವಾಗಿ ತಿಳಿಯುವ ದಾರಿ ಇದೆಯೇ?"

"ಹಿಂಬದಿಯಲ್ಲಿ ಮಾಡಿದವರ ಗುರುತು ಇರುತ್ತದೆ. ಆದರೆ ಬಿಚ್ಚಬೇಕು. ಬೇಡ, ಹಾಗೇ ಇರಲಿ."

"ಬಿಚ್ಚಿ," ಎಂದರು ಗಣಿತದ ಟೀಚರು. "ಅರ್ಧ ಲೆಕ್ಕ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ."

ಸ್ಕ್ರೂಗಳು ತುಕ್ಕು ಹಿಡಿದಿದ್ದವು. ವಿಜಯಶ್ರೀ ಅಪ್ಪ ಮಾಡುತ್ತಿದ್ದಂತೆ ತಲೆಗೆ ಒಂದು ಹನಿ ಎಣ್ಣೆ ಬಿಟ್ಟು, ಕಾದು, ಮೊದಲು ಬಿಗಿ ಮಾಡಿ ಆಮೇಲೆ ಸಡಿಲಿಸಿದಳು. ಫಲಕ ಕೈಗೆ ಬಂತು. ಹಿಂಬದಿಗೆ ಯಾರೂ ಪಾಲಿಶು ಹಚ್ಚಿರಲಿಲ್ಲ, ಕಪ್ಪಗಿತ್ತು. ಸೆರಗಿಲ್ಲದ ಬಟ್ಟೆಯಲ್ಲಿದ್ದಳು, ಅಂಗಿಯ ತುದಿಯಿಂದಲೇ ಉಜ್ಜಿ ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ ಮತ್ತು ಬಿ, ಒಂದಕ್ಕೊಂದು ಅಂಟಿಕೊಂಡು. ಪಕ್ಕದಲ್ಲಿ ಸಿ, ಅದರ ಹೊಟ್ಟೆಯಲ್ಲಿ ಬಾಣ.

ಹತ್ತು ವರ್ಷದವಳಾಗಿದ್ದರೆ ಕುಣಿದಾಡುತ್ತಿದ್ದಳು.

"ಕೆನಡಾ," ಎಂದಳು ಮೆಲ್ಲಗೆ. "ಲಾಂಗ್ ಬ್ರಾಂಚ್ ಅನ್ನುವ ಊರು. ಅಲ್ಲಿಯ ಕಾರ್ಖಾನೆ."

ಫ್ರಾವ್ ಟೆರ್‌ಹೋರ್ಸ್ಟ್ ಕನ್ನಡಕ ಹಾಕಿಕೊಂಡು ಗುರುತನ್ನು ನೋಡಿದರು, ಬೆರಳಿನಿಂದ ಸವರಿದರು, ಎದ್ದು ನಿಂತರು. "ತುಂಬಾ ಉಪಕಾರವಾಯಿತು, ಫ್ರಾವ್ ಹಿರೇಮಠ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ." ಬಾಗಿಲವರೆಗೆ ಬಂದು ಕಳಿಸಿದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಮರುದಿನ ವಿಜಯಶ್ರೀ ಕಾಲಿಂಗ್ ಕಾರ್ಡು ಕೊಂಡು ತಂದು ಧಾರವಾಡಕ್ಕೆ ಫೋನು ಹಚ್ಚಿದಳು. ಅಪ್ಪ ಎತ್ತಿದರು. ಕಿವಿ ಈಚೆಗೆ ಮಂದವಾಗಿದ್ದರಿಂದ ಅವರು ಫೋನಿನಲ್ಲಿ ಪರೇಡಿನ ದನಿಯಲ್ಲಿ ಮಾತಾಡುತ್ತಿದ್ದರು. ಮಗಳು ನಡೆದದ್ದನ್ನು ಹೇಳಿದಳು. ಅಪ್ಪನಿಗೆ ಮೊದಲು ಕೇಳಿಸಿದ್ದು ಗುರುತಿನ ಮಾತೊಂದೇ.

"ಚಂದ್ರನೊಳಗಿನ ಬಾಣ? ಜರ್ಮನ್ಯಾಗ? ಹಿತ್ತಾಳಿ ಫಲಕೋ, ಬೂದಿ ಬಣ್ಣದ್ದೋ ತಂಗಿ?"

"ಬೂದಿ ಬಣ್ಣದ್ದರೀ ಅಪ್ಪಾ."

"ಹಂಗಾದ್ರ ಯುದ್ಧದ ಕಡೀ ಕಾಲದ್ದು. ಹಿತ್ತಾಳಿ ಎಲ್ಲಾ ಬಂದೂಕಿನ ಗುಂಡು ಮಾಡಾಕ ಹೋಗಿ, ಜಸ್ತ ಬೆರಸಿ ಎರಕಾ ಹೊಯ್ದಿದ್ರು. ಈಗೂ ಬಾಗಲಾ ಟಕ್ ಅಂತ ತೆಗಿತೈತೇನು? ಭೇಷ್, ಭೇಷ್. ಆ ಕಾರ್ಖಾನ್ಯಾಗ ಹೆಣ್ಮಕ್ಕಳ ಭಾಳ ಕೆಲಸ ಮಾಡ್ತಿದ್ರಂತ, ಟ್ರೇನಿಂಗಿನ್ಯಾಗ ಸಾಹೇಬರು ಹೇಳಿದ್ರು."

"ಅಪ್ಪಾ, ಅವರು ಅದನ್ನ ಅಣ್ಣಂದು ಅಂತ ಇಷ್ಟ ವರ್ಷ ಪೂಜಾ ಮಾಡಿದಂಗ ಇಟ್ಟಿದ್ರು. ನಾ ಹೋಗಿ ಅಲ್ಲ ಅಂದೆ."

ಅಪ್ಪನ ದನಿ ಸಣ್ಣದಾಯಿತು. "ಅದನ್ನ ಮನಿಗೆ ತಂದವರು ಯಾರು?"

"ಅವರಪ್ಪ ಅಂತ ಕಾಣತೈತಿ. ನಾ ಕೇಳಲಿಲ್ಲ."

"ಜರ್ಮನ್ ಬಂದೂಕಿನ ಹಿಂದ ಹಿಂತಾ ಬಾಗಲಾ ಇರೂದಿಲ್ಲವ. ನಾ ಒಂದು ನೋಡೀನಿ. ಸಪಾಟ ಇರತೈತಿ," ಎಂದರು. ಇನ್ನೇನೋ ಹೇಳಲು ಹೊರಟಿದ್ದರು, ಅಷ್ಟರಲ್ಲಿ ಅವ್ವ ಗುರವ್ವ ಫೋನು ಕಸಿದುಕೊಂಡಳು.

"ಬಂದೂಕಿನ ಮಾತು ಬಿಡು. ಆ ಹೆಣ್ಮಗಳು ಉಂಡಾಳೋ ಇಲ್ಲೋ, ಅದನ್ನ ನೋಡಿದೇನು?"

"ಬಾಗಲಾ ಹಾಕ್ಕೊಂಡಾರವ್ವಾ."

"ಹಾಕ್ಕೊಳ್ಳಲಿ. ನೀ ಏನರೆ ಮಾಡಿ ಬಾಗಲದಾಗ ಇಟ್ಟು ಬಾ. ಮಾತಾಡಸಬ್ಯಾಡ. ಆಕಿಗೆ ಬೇಕಾದಾಗ ಆಕೀನ ಕರೀತಾಳ."

ವಿಜಯಶ್ರೀ ಊರಿನಿಂದ ತಂದಿದ್ದ ಶೇಂಗಾ ಹುರಿದು, ಬೆಲ್ಲ ಕೂಡಿಸಿ, ಹೋಳಿಗೆ ಮಾಡಿದಳು. ಅವ್ವನ ಕೈಯಷ್ಟು ತೆಳುವಾಗಲಿಲ್ಲ. ತಟ್ಟೆಯನ್ನು ಬಟ್ಟೆಯಲ್ಲಿ ಮುಚ್ಚಿ ಕೆಳಗಿನ ಬಾಗಿಲ ಮುಂದಿಟ್ಟು ಬಂದಳು. ಸಂಜೆ ಹೊತ್ತಿಗೆ ತಟ್ಟೆ ಅಲ್ಲಿರಲಿಲ್ಲ. ಆದರೆ ಆ ವಾರವೆಲ್ಲ ಮೆಟ್ಟಿಲಲ್ಲಿ ಬರೀ ನಮಸ್ಕಾರವಷ್ಟೇ ಆಯಿತು. ಬಣ್ಣದವನು ಬಂದು ಹೋದ. ಹೊಸ ಬಣ್ಣದ ವಾಸನೆ ಮೇಲಿನವರೆಗೂ ಬಂತು. ಆಫೀಸಿನಲ್ಲಿ ಕೂತರೂ ವಿಜಯಶ್ರೀಯ ಮನಸ್ಸು ಆ ಖಾಲಿ ಗೋಡೆಯನ್ನೇ ನೋಡುತ್ತಿತ್ತು. ಅಲ್ಲಿ ಒಂದು ಚಿಕ್ಕ ಡಬ್ಬಿಯ ಆಟ, ಇಲ್ಲಿ ಒಂದು ಮನೆಯ ದುಃಖ. ಎರಡಕ್ಕೂ ಒಂದೇ ಮುದ್ರೆ ಬಿದ್ದಿದ್ದನ್ನು ನೆನೆದಾಗಲೆಲ್ಲ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಮೇ ತಿಂಗಳ ಬಿಸಿಲಿನ ಒಂದು ಮಧ್ಯಾಹ್ನ ಹಿತ್ತಿಲಿನಿಂದ ಕರೆ ಬಂತು. ಸೇಬಿನ ಗಿಡದ ಕೆಳಗೆ ಮೇಜು ಹಾಕಿತ್ತು, ಎರಡು ಕಪ್ಪುಗಳಿದ್ದವು. ಫಲಕ ಮೇಜಿನ ಮೇಲಿತ್ತು.

"ಕೂತುಕೊಳ್ಳಿ. ನಿಮಗೆ ಒಂದು ಪ್ರಶ್ನೆ ಕೇಳಬೇಕು. ಅದಕ್ಕೆ ಮೊದಲು ನಾನು ಹೇಳುವುದನ್ನು ಕೇಳಿ," ಎಂದರು ಫ್ರಾವ್ ಟೆರ್‌ಹೋರ್ಸ್ಟ್.

ಅವರ ಊರು ಕಾಲ್ಕರ್ ಹತ್ತಿರದ ಹಳ್ಳಿ, ಹಾಲೆಂಡಿನ ಗಡಿಗೆ ಸಮೀಪ. ಅಪ್ಪನಿಗೆ ಹಸುಗಳಿದ್ದವು. ಥಿಯೋಗೆ ಹದಿನಾರು ತುಂಬಿತ್ತು. ಯುದ್ಧದ ಕೊನೆಯ ಚಳಿಗಾಲದಲ್ಲಿ ಉಳಿದಿದ್ದ ಹುಡುಗರನ್ನೂ ಮುದುಕರನ್ನೂ ಬಳಿದುಕೊಂಡು ಹೋದಾಗ ಅವನನ್ನೂ ಕರೆದೊಯ್ದರು. ಕೈಗೊಂದು ಬಂದೂಕು ಕೊಟ್ಟು, ಮನೆಯಿಂದ ಕೂಗಳತೆಯಷ್ಟು ದೂರದ ಕಾಡಂಚಿಗೆ ನಿಲ್ಲಿಸಿದರು. ಕೆನಡಾದ ಸೈನ್ಯ ಬಂತು. ಹೆಂಗಸರನ್ನೂ ಮಕ್ಕಳನ್ನೂ ಮೊದಲೇ ಬೇರೆಡೆಗೆ ಸಾಗಿಸಿದ್ದರು. ಬೇಸಿಗೆ ಹೊತ್ತಿಗೆ ಅವರೆಲ್ಲ ಮರಳಿದಾಗ ಹೊಲ ಉತ್ತಂತೆ ಕಿತ್ತುಹೋಗಿತ್ತು, ಥಿಯೋ ಎಲ್ಲೂ ಇರಲಿಲ್ಲ. ಸತ್ತವರ ಸಾಲಿನಲ್ಲೂ ಇಲ್ಲ, ಸೆರೆ ಸಿಕ್ಕವರಲ್ಲೂ ಇಲ್ಲ.

"ಅಮ್ಮ ಊಟ ಬಿಟ್ಟಳು. ಬಾಗಿಲು ಹಾಕಲು ಬಿಡುತ್ತಿರಲಿಲ್ಲ, ಅವನು ಬಂದರೆ ಅಂತ. ಅಪ್ಪ ದಿನಾ ಕಾಡಂಚಿಗೆ ಹೋಗಿ ಹುಡುಕುತ್ತಿದ್ದ. ಒಂದು ಸಂಜೆ ಇದನ್ನು ತಂದು ಅಮ್ಮನ ಮಡಿಲಲ್ಲಿ ಇಟ್ಟ. ಅವನ ಬಂದೂಕಿನದು, ಅವನು ಬಿದ್ದ ಜಾಗ ಸಿಕ್ಕಿತು, ಇನ್ನು ಬಾಗಿಲು ಹಾಕೋಣ ಎಂದ. ಅಮ್ಮ ಆ ರಾತ್ರಿ ಅತ್ತಳು. ಮೊದಲ ಸಲ ಅತ್ತಳು. ಮರುದಿನ ಬೆಳಿಗ್ಗೆ ಎದ್ದು ಹಾಲು ಕರೆದಳು."

ಅವರು ಫಲಕವನ್ನು ತಿರುಗಿಸಿ ಇಟ್ಟರು.

"ನನ್ನ ಅಪ್ಪ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ವೆರ್ದೂನಿನ ಕಾಳಗದಲ್ಲಿ ಇದ್ದವನು. ಜರ್ಮನ್ ಬಂದೂಕನ್ನು ಹೆಗಲಿಗೇರಿಸಿ ನಾಲ್ಕು ವರ್ಷ ಓಡಾಡಿದವನು. ನನ್ನ ಪ್ರಶ್ನೆ ಇಷ್ಟೇ. ಅಂಥವನಿಗೆ ಇದು ಜರ್ಮನಿಯದೆಂದು ತಪ್ಪು ತಿಳಿಯುವುದು ಸಾಧ್ಯವೇ?"

ವಿಜಯಶ್ರೀಗೆ ಸುಳ್ಳು ಹೇಳಲು ಒಂದು ಕ್ಷಣ ಮನಸ್ಸಾಯಿತು. ಕತ್ತಲಾಗಿರಬಹುದು, ದುಃಖದಲ್ಲಿ ಕಣ್ಣು ಮಂಜಾಗಿರಬಹುದು ಎಂದರೆ ಯಾರಿಗೇನು ನಷ್ಟ? ಆದರೆ ಎದುರಿಗೆ ಕೂತವರು ಲೆಕ್ಕವನ್ನು ಪೂರ್ತಿ ಬಿಡಿಸಿಯೇ ಆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಸರಿಯೇ ಎಂದು ತಾಳೆ ನೋಡುವುದಷ್ಟೇ ಬಾಕಿ ಇತ್ತು.

"ಸಾಧ್ಯವಿಲ್ಲ," ಎಂದಳು. "ಜರ್ಮನ್ ಬಂದೂಕಿನ ಹಿಂಬದಿ ಸಪಾಟಾಗಿರುತ್ತದೆ, ಇಂಥ ಬಾಗಿಲು ಇರುವುದಿಲ್ಲ ಎಂದು ನಮ್ಮಪ್ಪ ಹೇಳಿದರು. ನಿಮ್ಮಪ್ಪ ಮುಟ್ಟಿದ ಕೂಡಲೇ ತಿಳಿದಿರುತ್ತದೆ."

"ನಾನೂ ಹಾಗೇ ಅಂದುಕೊಂಡೆ." ಅವರು ಕಪ್ಪನ್ನು ಎತ್ತಿ ಕುಡಿಯದೆ ಇಳಿಸಿದರು. "ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವನಲ್ಲ ನನ್ನ ಅಪ್ಪ. ಇಗರ್ಜಿಯಲ್ಲಿ ನಿದ್ದೆ ಬಂದರೆ ನಿದ್ದೆ ಬಂತು ಎಂದು ಪಾದ್ರಿಗೇ ಹೇಳುತ್ತಿದ್ದ. ಅಂಥವನು ಸಾಯುವವರೆಗೆ ಈ ಒಂದು ಸುಳ್ಳನ್ನು ಬಾಯಲ್ಲಿಟ್ಟುಕೊಂಡು ಬದುಕಿದ. ಅಮ್ಮ ಭಾನುವಾರ ಭಾನುವಾರ ಇದನ್ನು ಉಜ್ಜುವಾಗ ಅವನು ಎದ್ದು ಹೊರಗೆ ಹೋಗುತ್ತಿದ್ದ. ಅವನಿಗೆ ಮಗನ ಮೇಲೆ ಅಷ್ಟು ಪ್ರೀತಿ ಇರಲಿಲ್ಲವೇನೋ ಎಂದು ನಾನು ತಿಳಿದಿದ್ದೆ."

ಅವರ ಕಣ್ಣು ತುಂಬಿತು. ವಿಜಯಶ್ರೀ ಅವರ ಕೈ ಹಿಡಿದಳು. ಊರಿನಲ್ಲಾಗಿದ್ದರೆ ಯೋಚಿಸುತ್ತಲೇ ಇರಲಿಲ್ಲ. ಇಲ್ಲಿ ಒಂದು ಕ್ಷಣ ಯೋಚಿಸಿ ಹಿಡಿದಳು. ಅವರು ಕೈ ಬಿಡಿಸಿಕೊಳ್ಳಲಿಲ್ಲ.

"ಆ ಹೊಲದಲ್ಲಿ ಇದರ ಒಡೆಯನಾದ ಕೆನಡಾದವನೂ ಬಿದ್ದಿರಬೇಕು," ಎಂದರು. "ಅವನ ಮನೆಯಲ್ಲಿ ಯಾರು ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದರೋ."

ಜೂನ್ ತಿಂಗಳಲ್ಲಿ ಅವರು ಊರಿನ ಇಗರ್ಜಿಯಲ್ಲಿ ಒಂದು ಪೂಜೆ ಹೇಳಿಸಿದರು. ಬಸ್ಸು ಬದಲಾಯಿಸುವ ತಾಪತ್ರಯ ಬೇಡವೆಂದು ವಿಜಯಶ್ರೀ ತನ್ನ ಹಳೆಯ ಓಪೆಲ್ ಕಾರಿನಲ್ಲಿ ಕರೆದೊಯ್ದಳು. ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಹಳ್ಳಿ ಸಪಾಟು ನೆಲದ ಮೇಲೆ ಹಸಿರಾಗಿ ಹರಡಿತ್ತು, ಯುದ್ಧ ನಡೆದ ಕಾಡಂಚಿನಲ್ಲಿ ಗೋವಿನಜೋಳ ಮೊಳಕಾಲೆತ್ತರ ಬೆಳೆದಿತ್ತು. ಪೂಜೆಗೆ ಬಂದವರು ಐದಾರು ಮಂದಿ ಮುದುಕಿಯರು. ಸೀರೆಯನ್ನು ಕದ್ದು ಕದ್ದು ನೋಡಿದರು, ಆಮೇಲೆ ಜಾಗ ಮಾಡಿಕೊಟ್ಟರು.

ಪಾದ್ರಿ ಹೆಸರು ಓದಿದರು. ಯೋಹಾನ್ ಟೆರ್‌ಹೋರ್ಸ್ಟ್, ಅವನ ಹೆಂಡತಿ ಗೆರ್ಟ್ರೂಡ್, ಮಗ ಥಿಯೋಡೋರ್. ಫ್ರಾವ್ ಟೆರ್‌ಹೋರ್ಸ್ಟ್ ಮದುವೆಯಾದದ್ದು ದೂರದ ಸಂಬಂಧಿಯನ್ನು, ಹೀಗಾಗಿ ತವರಿನ ಹೆಸರೇ ಉಳಿದಿತ್ತು. ಆಮೇಲೆ ಪಾದ್ರಿ ಕನ್ನಡಕ ಸರಿಮಾಡಿಕೊಂಡು, "ಮತ್ತು ಕೆನಡಾದಿಂದ ಬಂದ ಒಬ್ಬ, ಹೆಸರು ದೇವರಿಗೆ ಗೊತ್ತು," ಎಂದರು. ವಿಜಯಶ್ರೀಗೆ ಜರ್ಮನ್ ಪ್ರಾರ್ಥನೆ ಬಾರದು. ಎದೆಯ ಲಿಂಗದ ಮೇಲೆ ಕೈಯಿಟ್ಟು ತನಗೆ ಬಂದದ್ದನ್ನು ಹೇಳಿಕೊಂಡಳು. ಎಲ್ಲೋ ಒಂದು ಊರಲ್ಲಿ ಆ ಗುರುತನ್ನು ಒತ್ತಿದ ಹೆಣ್ಣುಮಕ್ಕಳ ಕೈ ಅವಳ ನೆನಪಿಗೆ ಬಂತು. ಅವರು ಸಂಜೆ ಕೆಲಸ ಮುಗಿಸಿ, ಕೈಯ ಎಣ್ಣೆ ತೊಳೆದು, ಹರಟುತ್ತಾ ಮನೆಗೆ ಹೋಗಿರಬೇಕು.

ಫಲಕವನ್ನು ಫ್ರಾವ್ ಟೆರ್‌ಹೋರ್ಸ್ಟ್ ಕೈಚೀಲದಲ್ಲಿ ತಂದಿದ್ದರು. ಅದನ್ನು ಅಪ್ಪ ಅಮ್ಮನ ಸಮಾಧಿಯ ಬುಡದಲ್ಲಿ, ಗುಲಾಬಿ ಗಿಡದ ಬೇರಿನ ಹತ್ತಿರ, ಸಣ್ಣ ಸಲಿಕೆಯಿಂದ ತೋಡಿ ಹುಗಿದರು. "ಅಮ್ಮನಿಗೆ ಸುಳ್ಳು ಎಂದು ತಿಳಿದಿತ್ತೋ ಏನೋ," ಎಂದು ಮಣ್ಣು ಮುಚ್ಚುತ್ತಾ ಹೇಳಿದರು. "ತಿಳಿದೂ ಬಾಗಿಲು ಹಾಕಿದಳೋ. ಅದನ್ನು ಇನ್ನು ಕೇಳಲಾರೆ."

ಹಿಂತಿರುಗುವಾಗ ಕಾರಿನಲ್ಲಿ ಅವರು ತಾವಾಗಿಯೇ ಮಾತು ಶುರು ಮಾಡಿದರು. ಇಷ್ಟು ದಿನ ಅಣ್ಣನ ಬಗ್ಗೆ ಯಾರಾದರೂ ಕೇಳಿದರೆ ಗೋಡೆ ತೋರಿಸಿ ಸುಮ್ಮನಾಗುತ್ತಿದ್ದವರು ಅವರು.

"ಥಿಯೋಗೆ ಬಾತುಕೋಳಿಗಳೆಂದರೆ ಭಯ," ಎಂದರು. "ಅಷ್ಟೆತ್ತರದ ಹುಡುಗ, ಅಂಗಳದಲ್ಲಿ ಅವು ರೆಕ್ಕೆ ಬಿಚ್ಚಿದರೆ ನನ್ನ ಹಿಂದೆ ಬಂದು ನಿಲ್ಲುತ್ತಿದ್ದ. ನನಗಾಗ ಏಳು ವರ್ಷ. ಕೋಲು ಹಿಡಿದು ಅವನನ್ನು ಶಾಲೆಯ ದಾರಿಯವರೆಗೆ ಕಾಯುತ್ತಿದ್ದವಳು ನಾನು. ಪ್ರತಿಯಾಗಿ ಅವನು ನನ್ನ ಭಾಗಾಕಾರ ಮಾಡಿಕೊಡುತ್ತಿದ್ದ. ಎಲ್ಲಾ ತಪ್ಪು."

ವಿಜಯಶ್ರೀ ನಕ್ಕಳು. ಫ್ರಾವ್ ಟೆರ್‌ಹೋರ್ಸ್ಟ್ ಕೂಡ ನಕ್ಕರು, ನಗುತ್ತಲೇ ಕರವಸ್ತ್ರ ಹುಡುಕಿದರು.

"ನಿಮ್ಮಪ್ಪ ಹೇಗಿದ್ದಾರೆ?" ಎಂದು ಕೇಳಿದರು. "ಮುಂದಿನ ಸಲ ಫೋನು ಮಾಡುವಾಗ ನನ್ನನ್ನೂ ಕರೆಯಿರಿ. ನಮಸ್ಕಾರ ಹೇಳಬೇಕು. ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತಾರೆ?"

"ಶರಣು ಅಂತಾರೆ," ಎಂದಳು ವಿಜಯಶ್ರೀ. "ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅವರಿಗೆ ಕಿವಿ ಮಂದ."

"ಶರಣು," ಎಂದರು ಫ್ರಾವ್ ಟೆರ್‌ಹೋರ್ಸ್ಟ್, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಷ್ಟು ಗಟ್ಟಿಯಾಗಿ. ರೈನ್ ನದಿ ಎಡಗಡೆಯಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು. ಕಾರು ಕಲೋನಿನ ದಾರಿ ಹಿಡಿಯಿತು.